ಎರಡು ಕಾಲಂ ಅಗಲದ ಅವ್ವ

ಕಲ್ಲಹಟ್ಟಿ, ಹೊಳಲ್ಕೆರೆ ತಾಲ್ಲೂಕು
೧೬-೮-೧೯೮೮, ಮಂಗಳವಾರ

ತಮ್ಮ ಚಿಕ್ಕತಿಮ್ಮಪ್ಪನಿಗೆ ಅಕ್ಕ ಚಂದ್ರಕ್ಕನ ಆಶೀರ್ವಾದಗಳು.

ಅವ್ವನ ಫೋಟೋ ನಿನ್ನೆ ನಿಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ಬಂದಿದೆ. ನಮಗೆ ತಿಳಿಸಿದವನು ಹಾಲಿನ ಡೇರಿ ಮೂರ್ತಪ್ಪ. ಶಾಲೆಯ ಮುಂದೆ ಬಾವುಟ ಹಾರಿಸಿ ಮಕ್ಕಳಿಗೆ ಪೆಪ್ಪರಮಿಂಟು ಹಂಚುತ್ತಿದ್ದಾಗ ಅವನು ಹೊಳಲ್ಕೆರೆಯಿಂದ ಪೇಪರ್ ಹಿಡಿದು ಬಂದ. "ಚಂದ್ರಕ್ಕ, ನಿಮ್ಮವ್ವ ದಿಲ್ಲಿ ಸುದ್ದಿ ಪಕ್ಕದಾಗೆ ನಿಂತವ್ಳೆ ನೋಡ್ರಿ" ಎಂದು ನಗುತ್ತಲೇ ಕೊಟ್ಟ. ಕೆಳಗಿನ ಸಾಲನ್ನು ನಾನು ಗಟ್ಟಿಯಾಗಿ ಓದಿದೆ.

ಆ ಸಾಲು ಹೀಗಿದೆ: "ಸ್ವಾತಂತ್ರ್ಯ ಬಂದು ನಲವತ್ತೊಂದು ವರ್ಷ. ಇನ್ನೂ ಬೀದಿಯಲ್ಲಿ ಕೈಯೊಡ್ಡುವ ವೃದ್ಧೆ. ಹೊಳಲ್ಕೆರೆಯಲ್ಲಿ ಕಂಡ ದೃಶ್ಯ."

ನಿನಗೆ ವಿವರಿಸಬೇಕಾಗಿಲ್ಲ. ಆದರೂ ನಿಮ್ಮ ಕಚೇರಿಯಲ್ಲಿ ತೋರಿಸಲು ಅನುಕೂಲವಾಗಲೆಂದು ಬರೆಯುತ್ತೇನೆ. ೧೩ನೇ ತಾರೀಖು ಶ್ರಾವಣದ ಮೊದಲ ಶನಿವಾರ. ಅವ್ವ ತಲೆಗೆ ನೀರು ಹಾಕಿಕೊಂಡು, ಉಪವಾಸವಿದ್ದು, ನಾಮ ಬರೆದ ಹಿತ್ತಾಳೆ ಚೊಂಬು ಹಿಡಿದು ಹೊಳಲ್ಕೆರೆಗೆ ಗೋಪಾಳಕ್ಕೆ ಹೋಗಿದ್ದಳು. ಪಕ್ಕದಲ್ಲಿ ನಮ್ಮ ದಾಸಯ್ಯ ತಿಮ್ಮರಾಯಪ್ಪನವರು ಶಂಖ ಹಿಡಿದು ನಿಂತಿದ್ದರು. ಐದು ಬಾಗಿಲಲ್ಲಿ ಪಡಿ ಬೇಡಿದರು. ಆ ಅಕ್ಕಿಯನ್ನು ನಾವು ಮನೆಯಲ್ಲಿ ಉಣ್ಣುವಂತಿಲ್ಲ. ಐದು ಶನಿವಾರ ಮುಗಿದ ಮೇಲೆ ಹರಿಸೇವೆ ಮಾಡಿ ಊರಿಗೆ ಬಡಿಸಬೇಕು. ಉಳ್ಳವರು, ಇಲ್ಲದವರು ಎಲ್ಲರೂ ಹೊರುವ ಹರಕೆ ಇದು. ಅವ್ವನಿಗೆ ಅರವತ್ತು ಕುರಿ ಇವೆ. ಅವಳು ಯಾರಿಗೂ ಕೈಯೊಡ್ಡಿದವಳಲ್ಲ.

ಫೋಟೋದಲ್ಲಿ ದಾಸಯ್ಯನವರು ಇಲ್ಲ. ಅವರ ಮೊಣಕೈ ಮಾತ್ರ ಇದೆ.

ಅವ್ವನನ್ನು ಯಾರೂ ಕೇಳಿಲ್ಲ. ಫೋಟೋ ತೆಗೆದದ್ದು ಅವಳಿಗೆ ಗೊತ್ತೇ ಇಲ್ಲ. ಪೇಪರ್ ತೋರಿಸಿದಾಗ "ಇದ್ಯಾರೇ ಮುದುಕಿ" ಎಂದಳು. ಆಮೇಲೆ ಸೀರೆ ಅಂಚು ನೋಡಿ ತಿಳಿದುಕೊಂಡಳು. "ಏನು ಬರದವ್ರೆ ಓದೇ" ಎಂದಳು. ನಾನು ಓದಲಿಲ್ಲ. ಪಕ್ಕದ ಮನೆಯ ಹುಡುಗಿ ಓದಿಬಿಟ್ಟಿತು.

ನೀನು ಅಲ್ಲೇ ಕೆಲಸದಲ್ಲಿದ್ದೀಯ. ಸಂಪಾದಕರಿಗೆ ಹೇಳಿ ಈ ಶನಿವಾರದೊಳಗೆ ತಿದ್ದುಪಡಿ ಹಾಕಿಸು. ಅಷ್ಟೇ ಕೇಳುತ್ತಿರುವುದು.

ನಿನ್ನ ಅಕ್ಕ,
ಚಂದ್ರಕ್ಕ


ಚಿತ್ರದುರ್ಗ
೧೯-೮-೧೯೮೮

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರ ನಿನ್ನೆ ತಲುಪಿತು. ಫೋಟೋ ನಾನೂ ನೋಡಿದೆ, ಬೇಸರವಾಯಿತು. ೧೫ರ ಮೊದಲ ಪುಟ ಮಾಡಿದವರು ಬೇರೆ. ನಾನು ಆ ದಿನ ತಾಲ್ಲೂಕು ಸುದ್ದಿಗಳನ್ನು ನೋಡುತ್ತಿದ್ದೆ.

ಒಂದು ಮಾತು ಯೋಚಿಸು. ಚಿತ್ರದಲ್ಲಿ ಅವ್ವನ ಹೆಸರಿಲ್ಲ, ನಮ್ಮ ಹಟ್ಟಿಯ ಹೆಸರೂ ಇಲ್ಲ. ಅರ್ಧ ಮುಖ ಸೆರಗಿನ ನೆರಳಿನಲ್ಲಿದೆ. ಹಟ್ಟಿಯ ಹತ್ತು ಮನೆ ಬಿಟ್ಟರೆ ಗುರುತು ಹಿಡಿಯುವವರು ಯಾರು? ಈಗ ತಿದ್ದುಪಡಿ ಹಾಕಿದರೆ ಹೆಸರು ಹಾಕಲೇಬೇಕಾಗುತ್ತದೆ. ಆಗ ನೋಡದವರೂ ಹಳೇ ಪೇಪರ್ ಹುಡುಕಿ ನೋಡುತ್ತಾರೆ. ಎರಡು ವಾರ ಕಳೆದರೆ ಆ ಪೇಪರ್ ಕಡ್ಲೆಪುರಿ ಕಟ್ಟಲು ಹೋಗಿರುತ್ತದೆ.

ಆದರೂ ಸಮಯ ನೋಡಿ ಸಂಪಾದಕರ ಗಮನಕ್ಕೆ ತರುತ್ತೇನೆ. ನಾನು ಕೆಲಸಕ್ಕೆ ಸೇರಿ ಎರಡೂವರೆ ತಿಂಗಳಾಗಿದೆ. ಆರು ತಿಂಗಳ ತನಕ ಕಾಯಂ ಇಲ್ಲ, ನಿನಗೆ ಗೊತ್ತು.

ಅವ್ವನಿಗೆ ಹೇಳು, ಮನಸ್ಸಿಗೆ ಹಚ್ಚಿಕೊಳ್ಳದಿರಲಿ.

ಚಿಕ್ಕತಿಮ್ಮಪ್ಪ


ಕಲ್ಲಹಟ್ಟಿ
೨೩-೮-೧೯೮೮

ಚಿಕ್ಕತಿಮ್ಮಪ್ಪನಿಗೆ,

ಎರಡನೇ ಶನಿವಾರವೂ ಆಯಿತು. ತಿದ್ದುಪಡಿ ಬರಲಿಲ್ಲ. ಏನಾಯಿತೆಂದು ಬರೆಯುತ್ತೇನೆ, ಓದು.

ಈ ಸಲ ಅವ್ವನ ಜೊತೆ ನಾನೂ ಹೋಗಿದ್ದೆ. ಎರಡು ಬಾಗಿಲು ಸರಿಯಾಗಿ ಆಯಿತು. ದಾಸಯ್ಯನವರು ಶಂಖ ಊದಿದರು, ಅವ್ವ ಗೋವಿಂದಾ ಎಂದಳು, ಮನೆಯವರು ಮೊರದಲ್ಲಿ ಅಕ್ಕಿ ತಂದು ಹಾಕಿ ಕೈ ಮುಗಿದರು. ಮೂರನೇ ಬಾಗಿಲಿಗೆ ಹೋಗುವಾಗ ಬಸ್ ಸ್ಟ್ಯಾಂಡಿನ ಕಡೆಯಿಂದ ಪ್ಯಾಂಟು ಹಾಕಿದ ಒಬ್ಬರು ಬಂದರು. ಕೆಟ್ಟವರಂತೆ ಕಾಣಲಿಲ್ಲ. "ಪೇಪರ್‌ನಾಗೆ ಬಂದಿದ್ದ ಅಜ್ಜಿ ಅಲ್ವಾ, ಪಾಪ" ಎಂದು ಚೊಂಬಿಗೆ ಎಂಟಾಣೆ ಹಾಕಿ ಹೋದರು.

ಪಡಿ ಚೊಂಬಿಗೆ ದುಡ್ಡು ಬಿದ್ದದ್ದು ನಮ್ಮ ಮನೆತನದಲ್ಲಿ ಇದೇ ಮೊದಲು. ಅವ್ವ ರಸ್ತೆಯಲ್ಲೇ ನಿಂತುಬಿಟ್ಟಳು. ದಾಸಯ್ಯನವರು ನಾಣ್ಯ ತೆಗೆದು ಕಟ್ಟೆಯ ಮೇಲಿಟ್ಟು, "ನಡೀ ನಿಂಗಕ್ಕ, ತಿಳೀದೆ ಹಾಕ್ಯವ್ರೆ, ದೇವ್ರಿಗೆ ತಿಳೀತೈತೆ" ಎಂದು ಸಮಾಧಾನ ಹೇಳಿ ಉಳಿದ ಮೂರು ಬಾಗಿಲು ಮುಗಿಸಿದರು.

ಹೆಸರು ಹಾಕಿಲ್ಲ, ಯಾರೂ ಗುರುತು ಹಿಡಿಯುವುದಿಲ್ಲ ಎಂದು ಬರೆದಿದ್ದೆಯಲ್ಲ. ಗುರುತು ಹಿಡಿದವರೇ ಎಂಟಾಣೆ ಹಾಕಿದರು.

ಇನ್ನೊಂದು ವಿಷಯ. ಹರಕೆ ಯಾತಕ್ಕೆ ಹೊತ್ತಿದ್ದೀಯ ಎಂದು ಮೊನ್ನೆ ಕೇಳಿಯೇ ಬಿಟ್ಟೆ. ಮುಗಿಯುವ ತನಕ ಹೇಳಬಾರದು ಎಂದಳು, ಆಮೇಲೆ ಹೇಳಿದಳು. ನಿನ್ನ ಮೇಲೆ ಹೊತ್ತದ್ದು. ನೀನು ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದೆಯಲ್ಲ, ಆಗ. "ನನ್ನ ಮಗನಿಗೆ ಓದಿದ್ದಕ್ಕೆ ತಕ್ಕ ಕೆಲಸ ಆದ್ರೆ ಐದು ಶನಿವಾರ ಪಡಿ ಬೇಡ್ತೀನಿ ತಿಮ್ಮಪ್ಪ" ಎಂದಿದ್ದಳಂತೆ. ಜೂನ್‌ನಲ್ಲಿ ನಿನಗೆ ಕೆಲಸ ಆಯಿತು. ಆಗಸ್ಟ್‌ನಲ್ಲಿ ಅವಳು ಚೊಂಬು ತೊಳೆದಳು. ಐದರಲ್ಲಿ ಒಂದು ಶನಿವಾರ ತಪ್ಪಿದರೂ ಹರಕೆ ಕೆಡುತ್ತದೆ, ಹರಕೆ ಕೆಟ್ಟರೆ ನಿನ್ನ ಕೆಲಸಕ್ಕೆ ಕುತ್ತು ಎಂದು ನಂಬಿದ್ದಾಳೆ. ನಾನು ನಂಬುತ್ತೇನೋ ಇಲ್ಲವೋ ಅದು ಬೇರೆ ಮಾತು. ಹೋದರೆ ಭಿಕ್ಷುಕಿ, ಹೋಗದಿದ್ದರೆ ಮಗನಿಗೆ ಕೇಡು. ಅವಳು ಈಗ ಸಿಕ್ಕಿಕೊಂಡಿರುವುದು ಇದರಲ್ಲಿ.

ಇನ್ನು ಮೂರು ಶನಿವಾರ ಇವೆ: ೨೭, ೩, ೧೦. ಸಂಪಾದಕರು ಏನೆಂದರು ಎಂದು ಬರೆ. ಹಾಗೇ ಇನ್ನೊಂದು ವಿಚಾರಿಸು. ದಾರಿಯಲ್ಲಿ ನಿಂತವರ ಫೋಟೋ ಯಾರು ಬೇಕಾದರೂ ತೆಗೆದು, ಅದರ ಕೆಳಗೆ ಏನು ಬೇಕಾದರೂ ಬರೆಯಬಹುದು ಎಂದು ಕಾನೂನಿದೆಯೇ?

ಚಂದ್ರಕ್ಕ


ಚಿತ್ರದುರ್ಗ
೨೭-೮-೧೯೮೮

ಅಕ್ಕನಿಗೆ,

ಕೆಲಸದ ಒತ್ತಡದಿಂದ ತಡವಾಯಿತು.

ಕಾನೂನಿನ ವಿಷಯ ವಕೀಲ ದೊಡ್ಡತಿಮ್ಮಪ್ಪನವರನ್ನು ಕೇಳಿದೆ. ಯಾರ ವಿಷಯವೆಂದು ಹೇಳಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಫೋಟೋ ತೆಗೆಯಲು ಒಪ್ಪಿಗೆ ಬೇಕೆಂಬ ಕಾನೂನು ತಮಗೆ ತಿಳಿದಂತೆ ಇಲ್ಲ ಎಂದರು. ಬರೆದದ್ದು ಸುಳ್ಳಾಗಿದ್ದು, ಅದರಿಂದ ಮಾನಹಾನಿಯಾದರೆ ಕೋರ್ಟಿಗೆ ಹೋಗಬಹುದು, ವರ್ಷಗಟ್ಟಲೆ ಹಿಡಿಯುತ್ತದೆ ಎಂದರು. ದಿಲ್ಲಿಯ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ಅದಕ್ಕೆ ಮೊದಲು ಸಂಪಾದಕರಿಗೆ ಬರೆದಿರಬೇಕು.

ಸಂಪಾದಕರಿಗೆ ಹೇಳಿದ್ದೇನೆ. ನೋಡೋಣ ಎಂದಿದ್ದಾರೆ.

ಹರಕೆಯ ವಿಷಯ ನನಗೆ ಗೊತ್ತಿರಲಿಲ್ಲ.

ಚಿಕ್ಕತಿಮ್ಮಪ್ಪ


ಕಲ್ಲಹಟ್ಟಿ
೩೦-೮-೧೯೮೮

ಚಿಕ್ಕತಿಮ್ಮಪ್ಪನಿಗೆ,

ನೋಡೋಣ ಎಂದರೆ ಯಾವಾಗ ನೋಡುತ್ತಾರೆ? ಮೂರನೇ ಶನಿವಾರವೂ ಕಳೆಯಿತು.

ಅವ್ವ ಹೋದಳು. ಆದರೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಹೋದಳು. ದಾಸಯ್ಯನವರಿಗೆ ಸಿಟ್ಟು ಬಂತು. "ಮಕ ಮುಚ್ಕಂಡು ಗೋವಿಂದ ಅಂದ್ರೆ ಹೆಂಗವ್ವ? ಕಳ್ರು ಪಡಿ ಬೇಡ್ತಾರಾ?" ಎಂದರು. "ಮಕ ತೆಗದ್ರೆ ಬರೀತಾರಲ್ಲ ದಾಸಪ್ಪ" ಎಂದಳು. ಹೇಗೋ ಐದು ಬಾಗಿಲು ಮುಗಿಸಿದರು.

ಅಂಗಡಿಯಲ್ಲಿ ಪುರಿ ತೆಗೆದುಕೊಂಡೆ. ನೀನು ಹೇಳಿದಂತೆ ಹಳೇ ಪೇಪರಿನಲ್ಲೇ ಕಟ್ಟಿಕೊಟ್ಟರು. ಬೇರೆ ಯಾವುದೋ ದಿನದ್ದು. ಆದರೂ ಬಿಚ್ಚಿ ಎರಡೂ ಕಡೆ ನೋಡಿದೆ. ಇನ್ನು ಮೇಲೆ ನೋಡುತ್ತಲೇ ಇರುತ್ತೇನೆ ಎನ್ನಿಸುತ್ತದೆ.

ಅಲ್ಲಿಂದ ಫೋಟೋ ತೆಗೆದವನನ್ನು ಹುಡುಕಿಕೊಂಡು ಹೋದೆ. ಹೊಳಲ್ಕೆರೆಯಲ್ಲಿ ನಿಮ್ಮ ಪತ್ರಿಕೆಗೆ ಫೋಟೋ ಕಳಿಸುವವನು ಸ್ಟುಡಿಯೋ ಪಾಪಣ್ಣ ಒಬ್ಬನೇ. "ಬರ್ರಿ ಚಂದ್ರಕ್ಕ, ಕುಂತ್ಕಳ್ರಿ, ಪಾಸ್‌ಪೋರ್ಟ್ ಸೈಜಾ?" ಎಂದ. ಪೇಪರ್ ಬಿಚ್ಚಿ ಮುಂದಿಟ್ಟೆ. ಅವನ ಮುಖ ಸಣ್ಣದಾಯಿತು.

"ನಾನ್ ತೆಗ್ದಿದ್ದು ಗೋಪಾಳ ಕಣಕ್ಕ. ನಾನೇನು ಬೇರೆ ದೇಶದವ್ನಾ, ಗೋಪಾಳ ಗೊತ್ತಿಲ್ದೆ ಇರಾಕೆ? ಹಿಂದ್ಗಡೆ ಬರ್ದೇ ಕಳ್ಸಿದೀನಿ."

"ತೆಗಿಯೋಕೆ ಮುಂಚೆ ಅವ್ವನ್ನ ಒಂದು ಮಾತು ಕೇಳ್ಬೇಕಿತ್ತಲ್ಲ ಪಾಪಣ್ಣ."

"ಕೇಳಿದ್ರೆ ಕೆಡ್ತೈತಕ್ಕ. ಸೆರಗು ಸರಿ ಮಾಡ್ಕಂಡು ಮದುವೆ ಫೋಟೋಕ್ಕೆ ನಿಂತಂಗೆ ನಿಂತ್ಬಿಡ್ತಾರೆ. ಗೊತ್ತಿಲ್ದಂಗೆ ತೆಗದ್ರೇನೇ ಪೇಪರ್‌ನೋರು ತಗಳದು."

"ಹಂಗಾರೆ ನಿನ್ನ ಹೆಂಡ್ತಿ ನಲ್ಲಿ ಮುಂದೆ ಜಗಳ ಆಡ್ತಾಳಲ್ಲ, ಅದನ್ನ ಗೊತ್ತಿಲ್ದಂಗೆ ತೆಗ್ದು ಕಳ್ಸು."

"ಏ ಬಿಡಕ್ಕ, ಮನೆ ಹೆಂಗಸ್ರನ್ನ ಯಾಕೆ ತರ್ತೀಯ."

"ನಮ್ಮವ್ವ ಯಾರ ಮನೆ ಹೆಂಗಸು?"

ಅವನು ಡಬ್ಬಿಯಿಂದ ನೆಗೆಟಿವ್ ತೆಗೆದು, ಅದರ ಇನ್ನೊಂದು ಪ್ರಿಂಟ್ ತೋರಿಸಿದ. ಚಿತ್ರ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ದಾಸಯ್ಯನವರು ಶಂಖ ಎತ್ತಿದ್ದಾರೆ. ಅವ್ವ ಕಣ್ಣು ಮುಚ್ಚಿದ್ದಾಳೆ. ಬಾಗಿಲಲ್ಲಿ ಆ ಮನೆಯ ಸೊಸೆ ಮೊರ ಹಿಡಿದು ತಲೆ ಬಾಗಿದ್ದಾಳೆ. ಕಳಿಸಿದ ಪ್ರಿಂಟ್‌ನ ಹಿಂದೆ "ಶ್ರಾವಣ ಶನಿವಾರದ ಗೋಪಾಳ, ಹೊಳಲ್ಕೆರೆ" ಎಂದು ಬರೆದಿದ್ದನಂತೆ. ಶಂಖ, ಮೊರ, ಸೊಸೆ ಎಲ್ಲವನ್ನೂ ಕತ್ತರಿಸಿ ಅವ್ವ ಮತ್ತು ಚೊಂಬು ಮಾತ್ರ ಉಳಿಸಿದವರು ನಿಮ್ಮ ಕಚೇರಿಯವರು.

ಪಾಪಣ್ಣನ ತಪ್ಪು ಇಲ್ಲವೆಂದು ನಾನು ಹೇಳುವುದಿಲ್ಲ. ಅವನು ಕೇಳಿದ್ದರೆ ಅವ್ವ ಹೆಸರು ಹೇಳುತ್ತಿದ್ದಳು. ಹೆಸರು ಬರೆದು ಕಳಿಸಿದ್ದರೆ ಭಿಕ್ಷುಕಿ ಎನ್ನಲು ನಿಮ್ಮವರು ಸ್ವಲ್ಪವಾದರೂ ಯೋಚಿಸುತ್ತಿದ್ದರು. ಹೆಸರಿಲ್ಲದ ಮುಖದ ಕೆಳಗೆ ಏನು ಬೇಕಾದರೂ ಬರೆಯಬಹುದು. ನೀನು ಅದನ್ನೇ ಅನುಕೂಲವೆಂದು ಬರೆದಿದ್ದೆ.

ಮೊದಲ ಪುಟ ಮಾಡಿದವರ ಹೆಸರು ತಿಳಿಸು. ನಿನಗೆ ಅವರನ್ನು ಎದುರು ಹಾಕಿಕೊಳ್ಳಲು ಕಷ್ಟ, ಅರ್ಥವಾಗುತ್ತದೆ. ಅದಕ್ಕೇ ಇವತ್ತು ನಾನೇ ಸಂಪಾದಕರಿಗೆ ರಿಜಿಸ್ಟರ್ ಪತ್ರ ಹಾಕಿದ್ದೇನೆ. ಅದರಲ್ಲಿ ನಿನ್ನ ಹೆಸರು ಎತ್ತಿಲ್ಲ. ನೀನು ನಮ್ಮವನೆಂದು ಬರೆದಿಲ್ಲ. ಅಂಗನವಾಡಿ ಕಾರ್ಯಕರ್ತೆ ಎಂದು ಸಹಿ ಮಾಡಿದ್ದೇನೆ. ನಿನಗೆ ತೊಂದರೆಯಾಗುವುದಿಲ್ಲ.

ಚಂದ್ರಕ್ಕ


ಚಿತ್ರದುರ್ಗ
೧-೯-೧೯೮೮

ಅಕ್ಕ,

ಸಂಪಾದಕರಿಗೆ ನೀನು ಬರೆಯಬಾರದಿತ್ತು. ಒಂದು ವಾರ ತಡೆದಿದ್ದರೆ ನಾನೇ ಎಲ್ಲ ಸರಿಮಾಡುತ್ತಿದ್ದೆ. ಅವರಿಂದ ಏನಾದರೂ ಉತ್ತರ ಬಂದರೆ ನನ್ನನ್ನು ಕೇಳದೆ ಮುಂದುವರಿಯಬೇಡ. ಮುಂದಿನ ವಾರ ಊರಿಗೆ ಬಂದು ಎಲ್ಲ ಹೇಳುತ್ತೇನೆ.

ಚಿಕ್ಕತಿಮ್ಮಪ್ಪ


ಕಲ್ಲಹಟ್ಟಿ
೫-೯-೧೯೮೮, ಸೋಮವಾರ

ಉಪಸಂಪಾದಕರಾದ ಶ್ರೀ ಚಿಕ್ಕತಿಮ್ಮಪ್ಪನವರಿಗೆ,

ನಿಮ್ಮ ಸಂಪಾದಕರ ಉತ್ತರ ಇಂದು ಬಂದಿದೆ. ೨ನೇ ತಾರೀಖಿನದು. ಅದರಲ್ಲಿರುವಂತೆ ಬರೆಯುತ್ತೇನೆ:

"ತಾವು ಪ್ರಸ್ತಾಪಿಸಿರುವ ಚಿತ್ರದ ಬಗ್ಗೆ ನಮ್ಮ ಕಚೇರಿಗೆ ಬಂದಿರುವ ಮೊದಲ ದೂರು ತಮ್ಮದು. ಇದಕ್ಕೆ ಮುನ್ನ ಲಿಖಿತವಾಗಿಯಾಗಲಿ ಮೌಖಿಕವಾಗಿಯಾಗಲಿ ಯಾರೂ ನನ್ನ ಗಮನಕ್ಕೆ ತಂದಿಲ್ಲ. ಅಂದಿನ ಪುಟವನ್ನು ಸಿದ್ಧಪಡಿಸಿದ ಉಪಸಂಪಾದಕ ಶ್ರೀ ಚಿಕ್ಕತಿಮ್ಮಪ್ಪ ಅವರಿಂದ ವಿವರಣೆ ಕೇಳಲಾಗಿದೆ."

ನಾನು ಇದನ್ನು ಮೂರು ಸಲ ಓದಿದೆ. ನಿಮ್ಮ ಕಚೇರಿಯಲ್ಲಿ ಅದೇ ಹೆಸರಿನ ಇನ್ನೊಬ್ಬರು ಇದ್ದಾರೆಯೇ ಎಂದೂ ಯೋಚಿಸಿದೆ.

ಅವ್ವನಿಗೆ ಹೇಳಿಲ್ಲ. ಮೊನ್ನೆ ನಾಲ್ಕನೇ ಶನಿವಾರ ಅವಳು ಪಡಿಗೆ ಹೋಗಲಿಲ್ಲ. ಬೆಳಿಗ್ಗೆ ಮಿಂದಳು, ಚೊಂಬಿಗೆ ನಾಮ ಬರೆದಳು, ಬಾಗಿಲ ತನಕ ಬಂದಳು. ಅಲ್ಲಿ ನಿಂತು, "ಯಾರಾನ ಫೋಟೋ ಹಿಡೀತಾ ಇದಾರೇನೋ ನೋಡೇ" ಎಂದಳು. ಹಟ್ಟಿಯ ಬೀದಿಯಲ್ಲಿ ಕುರಿ ಬಿಟ್ಟರೆ ಯಾರೂ ಇರಲಿಲ್ಲ. ಇಲ್ಲವೆಂದರೂ ಒಳಗೆ ಹೋಗಿ ಚೊಂಬು ಬೋರಲು ಹಾಕಿದಳು. ಅಂದಿನಿಂದ ನಿನ್ನ ಕೆಲಸಕ್ಕೆ ಏನಾಗುತ್ತದೋ ಎಂದು ಒಂದೇ ಸಮ ಕೇಳುತ್ತಿದ್ದಾಳೆ. ನಿನ್ನ ಕೆಲಸಕ್ಕೆ.

ಚಂದ್ರಕ್ಕ


ಚಿತ್ರದುರ್ಗ
೭-೯-೧೯೮೮

ಅಕ್ಕ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗಸ್ಟ್ ೧೪, ಭಾನುವಾರ ಮಧ್ಯಾಹ್ನ ಪಾಪಣ್ಣನ ಕವರ್ ಬಸ್ಸಿನಲ್ಲಿ ಬಂತು. ತೆರೆದವನು ನಾನು. ಅವ್ವನೆಂದು ಕೂಡಲೇ ತಿಳಿಯಿತು. ಹಿಂದೆ ಬರೆದಿದ್ದನ್ನೂ ಓದಿದೆ. ಮಾರನೆಯ ದಿನದ ಮೊದಲ ಪುಟಕ್ಕೆ ಚಿತ್ರ ಇರಲಿಲ್ಲ. ನಮ್ಮ ಹಿರಿಯರೊಬ್ಬರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, "ಅಜ್ಜಿ ಏನ್ ಚೆನ್ನಾಗಿ ಪಾತ್ರೆ ಒಡ್ಡವ್ಳೆ. ಇದೇ ಇರ್ಲಿ. ಆ ಶಂಖದೋನ್ನ ತೆಗೀರಿ" ಎಂದರು. ಇದು ಗೋಪಾಳ ಎಂದು ನಾನು ಹೇಳಿದೆ. "ಬೇಡೋದು ಬೇಡೋದೇ ಬಿಡ್ರಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇವರು ನನ್ನ ತಾಯಿ ಎಂದು ಆಗಲೇ ಹೇಳಬೇಕಿತ್ತು. ನಗು ಮುಗಿಯಲಿ ಎಂದು ಕಾದೆ. ಅಷ್ಟರಲ್ಲಿ ಅವರು ಕೆಳಗಿನ ಸಾಲು ಬರೆದು ಕೊಟ್ಟರು. ನಕ್ಕ ಮೇಲೆ ಹೇಳುವುದು ಹೇಗೆ ಎಂದು ತಿಳಿಯಲಿಲ್ಲ. ಎರಡು ಕಾಲಂ ಅಗಲಕ್ಕೆ ಫೋಟೋ ಕತ್ತರಿಸಲು ಗೆರೆ ಎಳೆದವನು ನಾನು. ದಾಸಯ್ಯನವರ ಭುಜಕ್ಕೆ ಎಳೆದರೆ ಅಗಲ ಹೆಚ್ಚಾಗುತ್ತಿತ್ತು, ಮೊಣಕೈಗೆ ಎಳೆದೆ. ಸಂಪಾದಕರಿಗೆ ಹೇಳಿದ್ದೇನೆ ಎಂದು ನಿನಗೆ ಬರೆದದ್ದು ಸುಳ್ಳು. ನಿನ್ನ ೨೩ರ ಪತ್ರ ಬಂದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ನಿನ್ನೆ ಸಂಪಾದಕರ ಮುಂದೆ ವಿವರಣೆ ಕೊಟ್ಟೆ. ಚಿತ್ರದಲ್ಲಿರುವವರು ನನ್ನ ತಾಯಿ ಎಂದೆ. ಅವರು ಕನ್ನಡಕ ತೆಗೆದಿಟ್ಟು, "ಮೊದ್ಲೇ ಒಂದ್ ಮಾತು ಹೇಳಿದ್ರೆ ಬೇರೆ ಚಿತ್ರ ಹಾಕ್ತಿದ್ವಲ್ರೀ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಂದರೆ ಬೇರೆಯವರ ತಾಯಿಯಾಗಿದ್ದರೆ ಹಾಕಬಹುದಿತ್ತು. ಇದನ್ನು ಅವರಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು. ಬೀದಿಯಲ್ಲಿ ಕಂಡವರನ್ನೆಲ್ಲ ಒಪ್ಪಿಗೆ ಕೇಳುತ್ತ ಕೂತರೆ ಪತ್ರಿಕೆ ನಡೆಸಲು ಆಗುವುದಿಲ್ಲ ಎಂದರು. ಒಪ್ಪಿಗೆ ಬೇಡ, ಹಿಂದೆ ಬರೆದಿದ್ದನ್ನು ಓದಿದ್ದರೆ ಸಾಕಿತ್ತು ಎಂದೆ. "ಓದಿದೋರು ನೀವೇ ಅಲ್ವೇನ್ರೀ" ಎಂದರು. ಅದು ನಿಜ.

ತಿದ್ದುಪಡಿ ೧೦ರ ಸಂಚಿಕೆಯಲ್ಲಿ, ಮೂರನೇ ಪುಟದಲ್ಲಿ ಬರುತ್ತದೆ. ನಾನು ಬರೆದುಕೊಟ್ಟಿದ್ದು ಹನ್ನೊಂದು ಸಾಲು. ಅವರು ಇಟ್ಟುಕೊಂಡದ್ದು ಇಷ್ಟು: "ಆಗಸ್ಟ್ ೧೫ರ ಸಂಚಿಕೆಯ ಮುಖಪುಟದ ಚಿತ್ರವು ಶ್ರಾವಣ ಶನಿವಾರದ ಧಾರ್ಮಿಕ ಆಚರಣೆಗೆ ಸಂಬಂಧಿಸಿದ್ದು ಎಂದು ಓದುಗರು ತಿಳಿಸಿದ್ದಾರೆ." ವಿಷಾದ ಎಂಬ ಮಾತು ತೆಗೆದರು. ಅವ್ವನ ಹೆಸರು ತೆಗೆದರು. ನನ್ನ ಕೆಲಸದ ವಿಷಯ ತಿಂಗಳ ಕೊನೆಗೆ ತಿಳಿಸುತ್ತಾರಂತೆ.

ಅವ್ವನಿಗೆ ನೀನೇ ಹೇಳುತ್ತೀಯೋ, ನಾನು ಬಂದು ಹೇಳಲೋ?

ಚಿಕ್ಕತಿಮ್ಮಪ್ಪ


ಕಲ್ಲಹಟ್ಟಿ
೮-೯-೧೯೮೮, ಗುರುವಾರ

ಚಿಕ್ಕತಿಮ್ಮಪ್ಪನಿಗೆ,

ಅಂಚೆಗೆ ಹಾಕಿದರೆ ಶನಿವಾರದೊಳಗೆ ಸಿಗುವ ಭರವಸೆ ಇಲ್ಲ. ನೀನು ಕಳಿಸಿದ ಹಾಗೆಯೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಅವ್ವನಿಗೆ ನಿನ್ನ ಪತ್ರ ಪೂರ್ತಿ ಓದಿದೆ, ಒಂದು ಸಾಲೂ ಬಿಡಲಿಲ್ಲ. ಸುಮಾರು ಹೊತ್ತು ರಾಗಿ ಕೇರುತ್ತಲೇ ಇದ್ದಳು. ಆಮೇಲೆ "ಅವ್ನು ನಕ್ಕಿದ್ದು ಖರೇನಾ?" ಎಂದು ಕೇಳಿದಳು. ಹಾಗೇ ಬರೆದಿದ್ದಾನೆ ಎಂದೆ.

ನೀವು ಹಾಕುವ ಎರಡು ಸಾಲು ನನಗೆ ಸಾಲದು. ಸುಳ್ಳು ಮೊದಲ ಪುಟದಲ್ಲಿ, ತಿದ್ದುಪಡಿ ಮೂರನೇ ಪುಟದಲ್ಲಿ. ಓದುಗರು ತಿಳಿಸಿದ್ದಾರಂತೆ, ನೀವು ತಿಳಿದುಕೊಂಡಿಲ್ಲವಂತೆ. ಪ್ರೆಸ್ ಕೌನ್ಸಿಲ್‌ಗೆ ದೂರು ಬರೆದಿಟ್ಟಿದ್ದೇನೆ. ೧೦ರ ಪೇಪರ್ ನೋಡಿ, ಅದನ್ನೂ ಲಗತ್ತಿಸಿ ೧೨ರಂದು ಕಳಿಸುತ್ತೇನೆ. ಪುಟ ಮಾಡಿದವರ ಹೆಸರಿನ ಜಾಗದಲ್ಲಿ ನಿನ್ನ ಹೆಸರಿದೆ. ಸಂಬಂಧದ ಜಾಗದಲ್ಲಿ ತಮ್ಮ ಎಂದು ಬರೆದಿದ್ದೇನೆ.

ತಪ್ಪಿದ ಶನಿವಾರದ ವಿಷಯ ದಾಸಯ್ಯನವರನ್ನು ಕೇಳಿದೆವು. ಹರಕೆ ಹೊತ್ತವರಿಂದ ಆಗದಿದ್ದರೆ ಯಾರ ಮೇಲೆ ಹೊತ್ತಿದ್ದಾರೋ ಅವರೇ ಚೊಂಬು ಹಿಡಿಯಬಹುದು, ಕೊನೆಯ ಶನಿವಾರ ಐದರ ಬದಲು ಹತ್ತು ಬಾಗಿಲು ಬೇಡಿದರೆ ತಪ್ಪಿದ್ದೂ ಕೂಡಿಕೊಳ್ಳುತ್ತದೆ ಎಂದರು. "ಪ್ಯಾಂಟು ನಡಿಯಲ್ಲ, ಪಂಚೆ ಉಟ್ಕಂಬರಾಕೆ ಹೇಳು ನಿನ್ನ ತಮ್ಮಗೆ. ತಲೆ ಮೇಲೆ ಬಟ್ಟೆ ಇರಬಾರ್ದು, ಮಕ ಕಾಣ್ಬೇಕು" ಎಂದರು. ಅವ್ವ ಬೇಡ ಎನ್ನಲಿಲ್ಲ. ಚೊಂಬು ತೊಳೆದಿಟ್ಟಿದ್ದಾಳೆ. ಅವಳು ಬರುವುದಿಲ್ಲ.

ಹತ್ತು ಬಾಗಿಲಲ್ಲಿ ಆರು ಪೇಟೆ ಬೀದಿಯಲ್ಲಿವೆ. ಪಾಪಣ್ಣನ ಸ್ಟುಡಿಯೋ ಅದೇ ಬೀದಿಯಲ್ಲಿದೆ. ಫೋಟೋ ತೆಗೆಯಬೇಡ ಎಂದು ನಾನು ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ತೆಗೆಯಬಹುದೇ ಎಂದು ಅವನು ಕೇಳಿದರೆ ಉತ್ತರ ಕೊಡಬೇಕಾದವನು ನೀನು.

ಉಪವಾಸ ಬರಬೇಕು. ಶನಿವಾರ ದುರ್ಗದಿಂದ ಮೊದಲ ಬಸ್ಸು ಬೆಳಿಗ್ಗೆ ಆರಕ್ಕೆ. ನಾನು ಮತ್ತು ದಾಸಯ್ಯನವರು ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇವೆ. ಪಡಿ ಎಂಟು ಗಂಟೆಗೆ ಶುರು.

ಚಂದ್ರಕ್ಕ